ಗುಡ್ಡೆ ಸವರುವ ಮುನ್ನ ಕುಂಟಾಲದ ಹೂ ನೋಡಿ

ಮಂಗಳೂರಿನ ಅಂಚಿನ ಮುರಕಲ್ಲು ಗುಡ್ಡೆಗಳಲ್ಲಿ ಯಾರೂ ನೆಡದೆ ಬೆಳೆಯುವ ಪೊದೆಗಳಲ್ಲಿ ಕುಂಟಾಲ (ಕುಂಟುನೇರಳೆ) ಮತ್ತು ಕರಂಡೆ ಮುಖ್ಯ. ಗೇರುಬೀಜ ಹೆಕ್ಕಲು ಅಡ್ಡಿಯೆಂದೋ, ಹಟ್ಟಿಗೆ ಸೊಪ್ಪು ಬೇಕೆಂದೋ ಚಳಿಗಾಲದಲ್ಲಿ ಇವನ್ನು ಬುಡಕ್ಕೇ ಸವರಿಬಿಡುತ್ತೇವೆ. ಕತ್ತಿ ಬೀಳುವುದು ಹೂ ಬಿಡುವ ಹೊತ್ತಿಗೇ ಸರಿಯಾಗಿ.

ಹೂವಿಗೂ ತುಡುವೆಗೂ ಲೆಕ್ಕ

ಈ ಹೂಗಳಿಗೆ ಬರುವ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಮೊಟ್ಟೆ ಕೆಲಸಗಾರ ನೊಣವಾಗಲು ಸುಮಾರು 20 ದಿನ ಬೇಕು. ಆಮೇಲೆ ಎರಡು-ಮೂರು ವಾರ ಅದಕ್ಕೆ ಗೂಡಿನೊಳಗಿನ ಕೆಲಸ. ಅಂದರೆ ಇಂದಿನ ಮೊಟ್ಟೆ ಹೊರಗೆ ದುಡಿಯಲು ಹೊರಡುವುದು ಹೆಚ್ಚುಕಡಿಮೆ 40 ದಿನಕ್ಕೆ. ಫೆಬ್ರವರಿಯ ಪೊದೆಹೂವು ಸಾಕಿದ ಮರಿಯೇ ಮಾರ್ಚ್-ಏಪ್ರಿಲಿನ ಜೇನು ಸುಗ್ಗಿಯ ಆಳು. ಆ ಹೂವು ತಪ್ಪಿದರೆ ಸುಗ್ಗಿಯ ಹೊತ್ತಿಗೆ ಪೆಟ್ಟಿಗೆಯಲ್ಲಿ ನೊಣವೇ ಕಡಿಮೆ.

ಕುಂಟಾಲದ ಬಿಳಿ ಹೂವು ಗೊಂಚಲಾಗಿ ಅರಳುತ್ತದೆ. ಕೇಸರಗಳು ಹೊರಚಾಚಿರುವುದರಿಂದ ತುಡುವೆಗೂ ಪುಟ್ಟ ಮೊಜಂಟಿ ಜೇನಿಗೂ ಪರಾಗ ಸುಲಭಕ್ಕೆ ಎಟಕುತ್ತದೆ, ಮಕರಂದವೂ ಸಿಗುತ್ತದೆ. ಪೂರ್ವದ ತಾಲೂಕುಗಳ ರಬ್ಬರ್ ಚಿಗುರು ಸಿಹಿರಸ ಕೊಟ್ಟರೂ ಅದರಲ್ಲಿ ಪರಾಗವಿಲ್ಲ. ಪರಾಗವಿಲ್ಲದೆ ಮರಿ ಬೆಳೆಯದು.

ಮಾಡಬೇಕಾದ್ದು

• ಗುಡ್ಡೆಯನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲು ಮಾತ್ರ ಸವರಿ. ಅದೂ ಹಣ್ಣು ಮುಗಿದ ಮೇಲೆ. ಬುಡ ಉಳಿದರೆ ಮಳೆಗೆ ಮತ್ತೆ ಚಿಗುರುತ್ತದೆ.
• ಗೇರುಮರದ ಬುಡವನ್ನಷ್ಟೇ ಹಸನು ಮಾಡಿ. ಬೇಲಿಯ ಸಾಲು, ಬರೆಯ ಅಂಚು ಹಾಗೇ ಇರಲಿ.
• ಪೊದೆ ಹೆಚ್ಚಿಸಬೇಕಿದ್ದರೆ ಮಾಗಿದ ಕುಂಟಾಲ ಹಣ್ಣಿನ ಬೀಜ ತೊಳೆದು ಕೂಡಲೇ ಬಿತ್ತಿ. ಒಣಗಿಸಿಟ್ಟ ಬೀಜ ಮೊಳೆಯುವುದು ಅನುಮಾನ.
• ಪೆಟ್ಟಿಗೆ ನೆರಳಲ್ಲಿರಲಿ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ.
• ಹೂ ಶುರುವಾಗುತ್ತಿದ್ದಂತೆ ನೊಣಗಳಿಗೆ ಕೊಡುವ ಸಕ್ಕರೆ ಪಾಕ ನಿಲ್ಲಿಸಿ. ಇಲ್ಲದಿದ್ದರೆ ಪಾಕವೇ ಜೇನಿನೊಂದಿಗೆ ಬೆರೆತೀತು.
• ಮೇವು ಹೆಚ್ಚಿದಾಗ ಕುಟುಂಬ ಪಾಲಾಗಲು ಹೊರಡುತ್ತದೆ. ವಾರಕ್ಕೊಮ್ಮೆ ಎರಿಯ ಅಡಿಯಲ್ಲಿ ರಾಣಿಕೋಶ ಇದೆಯೇ ನೋಡಿ.
• ಗೇರಿನ ಟೀ ಸೊಳ್ಳೆಗೆ ಔಷಧ ಹೊಡೆಯಲೇಬೇಕಿದ್ದರೆ ನೊಣ ಗೂಡು ಸೇರಿದ ಸಂಜೆ ಹೊಡೆಯಿರಿ. ನೆರೆಯ ಜೇನು ಸಾಕಣೆದಾರರಿಗೆ ಮೊದಲೇ ತಿಳಿಸಿ.

ಹೊಸಬರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಬಹುದು. ಪೆಟ್ಟಿಗೆ ಕೊಳ್ಳುವ ಮೊದಲು ಮಾತ್ರ ಫೆಬ್ರವರಿಯ ಒಂದು ಬೆಳಿಗ್ಗೆ ಗುಡ್ಡೆ ಸುತ್ತಿ, ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ಎಷ್ಟು ಕುಂಟಾಲ ಉಳಿದಿದೆ ಎಂದು ಎಣಿಸಿ. ಎಷ್ಟು ಪೆಟ್ಟಿಗೆ ಇಡಬಹುದೆಂಬುದು ಅಲ್ಲೇ ತಿಳಿಯುತ್ತದೆ.