ನೀರು ನೋಡಿ ಕುಡಿಯಿರಿ, ಬೆನ್ನು ನೋಡಿ ಬಗ್ಗಿ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಎತ್ತುವವರೇ, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರೇ, ಶ್ರೀನಿವಾಸಪುರದ ಮಾವಿನ ತೋಪಿನವರೇ, ಮುಳಬಾಗಿಲಿನಲ್ಲಿ ಬೆಳಗಾಗುವ ಮುಂಚೆಯೇ ಹಾಲು ಕರೆದು ಡೇರಿಗೆ ಹಾಕಿ ಬರುವ ಅಕ್ಕಂದಿರೇ, ನಿಮಗೆಲ್ಲ ಒಂದು ಮಾತು ಹೇಳಬೇಕು. ಟ್ರ್ಯಾಕ್ಟರಿಗೆ ಹೊತ್ತುಹೊತ್ತಿಗೆ ಆಯಿಲ್ ಬದಲಿಸುತ್ತೀರಿ. ಮಂಡಿ ನೋವು ಎಂದರೆ ಮಾತ್ರ 'ಆಮೇಲೆ ನೋಡೋಣ' ಅಂತೀರಿ. ಇದು ಸರಿಯಲ್ಲ.

ದೊಡ್ಡವರ ಮೈಯಲ್ಲಿ 206 ಮೂಳೆಗಳಿವೆ. ಮೂಳೆ ತಾನಾಗಿ ಅಲ್ಲಾಡುವುದಿಲ್ಲ. ಮಾಂಸಖಂಡ ಎಳೆದಾಗ ಎರಡು ಮೂಳೆ ಸೇರುವ ಕೀಲು ಮಡಚುತ್ತದೆ, ತಿರುಗುತ್ತದೆ. ಮಂಡಿ, ಮೊಣಕೈ ಮುಖ್ಯವಾಗಿ ಒಂದೇ ಕಡೆಗೆ ಮಡಚುತ್ತವೆ. ಭುಜ, ಸೊಂಟದ ಕೀಲುಗಳು ಎಲ್ಲ ದಿಕ್ಕಿಗೂ ಆಡುತ್ತವೆ. ಮೂಳೆಯ ತುದಿಗೆ ನುಣುಪಾದ ಮೃದ್ವಸ್ಥಿ, ನಡುವೆ ಜಾರುವ ದ್ರವ, ಸುತ್ತ ಬಿಗಿದು ಹಿಡಿಯುವ ಅಸ್ಥಿರಜ್ಜು. ಈ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಆಡಿದಾಗಲೇ ಆ ದ್ರವದಿಂದ ಅದಕ್ಕೆ ಪೋಷಣೆ. ಆದ್ದರಿಂದ ಆಡದ ಕೀಲು ಹಿಡಿದುಕೊಳ್ಳುತ್ತದೆ, ಅತಿಯಾಗಿ ಭಾರ ಹೊತ್ತ ಕೀಲು ನೋಯುತ್ತದೆ.

ನಮ್ಮ ಸೀಮೆಯಲ್ಲಿ ಮೊದಲು ನೋಡಬೇಕಾದ್ದು ನೀರು. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಜಿಲ್ಲೆ ಇದು. ಎಷ್ಟೋ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಬಂಡೆಯೊಳಗಿನ ಫ್ಲೋರೈಡ್ ಆ ನೀರಿನಲ್ಲಿ ಕರಗಿ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೂ 1.5 ಮೀರಬಾರದು. ರುಚಿಯಲ್ಲಾಗಲಿ ಬಣ್ಣದಲ್ಲಾಗಲಿ ಇದು ಗೊತ್ತಾಗುವುದಿಲ್ಲ. ಹೆಚ್ಚು ಫ್ಲೋರೈಡಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಅದು ಮೂಳೆಗೆ ಸೇರುತ್ತದೆ, ಅಸ್ಥಿರಜ್ಜುಗಳಲ್ಲಿ ಸುಣ್ಣ ಕಟ್ಟುತ್ತದೆ, ಕತ್ತು ಬೆನ್ನು ಬಗ್ಗದಂತೆ ಮಾಡುತ್ತದೆ. ಹಾಗೆ ಗಟ್ಟಿಯಾದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಕಣ್ಣು ಕೆಟ್ಟ ಮೇಲೆ ಸೂರ್ಯ ನಮಸ್ಕಾರ ಮಾಡಿ ಏನು ಫಲ?

ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದು ನಂಬಬೇಡಿ. ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ತಂದು, ಸಾರಿಗೂ ಮುದ್ದೆಗೂ ಬೋರ್ ನೀರು ಸುರಿಯುತ್ತೀರಲ್ಲ, ಅದನ್ನು ಬಿಡಿ. ಅಡುಗೆಗೂ ಘಟಕದ ನೀರೇ ಬೇಕು. ಘಟಕದ ಫಿಲ್ಟರ್ ಯಾವಾಗ ಬದಲಿಸಿದರು ಎಂದು ಕೇಳಲು ಸಂಕೋಚ ಬೇಡ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲಕ್ಕಾಗಿ ಬಿಟ್ಟದ್ದು, ಕುಡಿಯಲು ಅಲ್ಲ. ಕೆರೆ ತುಂಬಿತೆಂದು ಬೋರ್ ನೀರಿನ ಪರೀಕ್ಷೆಯನ್ನು ಮರೆಯಬೇಡಿ.

ಫ್ಲೋರೈಡ್ ಮೂಳೆಗೆ ಸೇರಿದೆಯೇ ಎಂಬ ಸುಳಿವಿಗೆ ಮನೆಯಲ್ಲೇ ಮೂರು ಕೆಲಸ ಮಾಡಿ ನೋಡಿ. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಿ. ಗಲ್ಲವನ್ನು ಎದೆಗೆ ತಾಗಿಸಿ. ಎರಡೂ ಕೈ ಚಾಚಿ, ಮಡಚಿ, ತಲೆಯ ಹಿಂಭಾಗ ಮುಟ್ಟಿ. ಇವು ಆಗದಿದ್ದರೆ ಅಥವಾ ಬಹಳ ನೋವಾದರೆ ಆಸ್ಪತ್ರೆಗೆ ಹೋಗಿ, 'ನಮ್ಮೂರಿನದು ಬೋರ್ ನೀರು' ಎಂದು ಡಾಕ್ಟರಿಗೆ ಹೇಳಿ. ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಕಂಡರೆ ಉಜ್ಜಿಲ್ಲವೆಂದು ಬೈಯುವ ಮೊದಲು ನೀರು ಪರೀಕ್ಷಿಸಿ.

ಇನ್ನು ಊಟ. ರಾಗಿ ತಿಂದವ ನಿರೋಗಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆಯ ಜೊತೆ ನುಗ್ಗೆಸೊಪ್ಪು, ನೆಲ್ಲಿಕಾಯಿ ಇರಲಿ. ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಬರೀ ಟೀ ಕೊಡುವುದು ಯಾವ ನ್ಯಾಯ? ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇರುತ್ತದೆ. ಮನೆಗೊಂದು ಲೋಟ ಹಾಲು ಉಳಿಸಿಕೊಳ್ಳಿ.

ಭಾರ ಎತ್ತುವಾಗ ಸೊಂಟದಿಂದ ಬಗ್ಗಬೇಡಿ. 15 ಕೆಜಿಯ ಬಾಕ್ಸ್ ಆದರೂ ಮಂಡಿ ಮಡಚಿ ಕುಕ್ಕರುಗಾಲಲ್ಲಿ ಕೂತು, ಹೊಟ್ಟೆಗೆ ಒತ್ತಿ ಹಿಡಿದು, ಕಾಲಿನ ಬಲದಿಂದ ಏಳಿ. ಎತ್ತಿಕೊಂಡು ಸೊಂಟ ತಿರುಚಬೇಡಿ, ಪಾದವನ್ನೇ ತಿರುಗಿಸಿ. ಮರದಿಂದ ಬಿದ್ದು ಮೂಳೆ ಮುರಿದಂತಿದ್ದರೆ ಎಳೆಯಬೇಡಿ, ತಿಕ್ಕಬೇಡಿ. ಅಲ್ಲಾಡದಂತೆ ಕಟ್ಟಿ ಎಕ್ಸ್‌ರೇಗೆ ಕರೆದೊಯ್ಯಿರಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ದಿನಾ ನುಂಗಿದರೆ ಮೂತ್ರಪಿಂಡಕ್ಕೆ ಕುತ್ತು.

ಗದ್ದೆ ಕೆಲಸವಿಲ್ಲದ ಅಂಗಡಿ, ಆಫೀಸಿನವರೂ ಕೇಳಿ: ಗಂಟೆಗೊಮ್ಮೆ ಎದ್ದು ಓಡಾಡಿ, ಸಂಜೆ ನಡೆಯಿರಿ. ಮಕ್ಕಳನ್ನು ಬಿಸಿಲಲ್ಲಿ ಆಡಲು ಬಿಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಇದರಲ್ಲಿ ದೊಡ್ಡ ಖರ್ಚಿನದು ಯಾವುದೂ ಇಲ್ಲ. ಈ ವಾರವೇ ಪಂಚಾಯಿತಿಗೆ ಹೋಗಿ ನಿಮ್ಮೂರ ಬೋರ್ ನೀರಿನ ಪರೀಕ್ಷೆ ಮಾಡಿಸಿ ಎಂದು ಕೇಳಿ. ಫಲಿತಾಂಶ ಬಂದ ಮೇಲೆ ಅಕ್ಕಪಕ್ಕದವರಿಗೂ ಹೇಳಿ.