ತೇವವೂ ತಡೆಯೂ

ವಾಹನವನ್ನು ಓಡಿಸುವ ಎಂಜಿನ್ನು ಎಷ್ಟು ಮುಖ್ಯವೋ ಅದನ್ನು ನಿಲ್ಲಿಸುವ ಬ್ರೇಕೂ ಅಷ್ಟೇ ಮುಖ್ಯ. ಬ್ರೇಕು ಹಿಡಿಯದಿದ್ದರೆ ಅಪಾಯವೆಂಬುದನ್ನು ಎಲ್ಲರೂ ಬಲ್ಲರು. ಹಿಡಿದ ಬ್ರೇಕು ಬಿಡದಿದ್ದರೂ ಅಪಾಯವೆಂಬುದನ್ನು ಬಲ್ಲವರು ವಿರಳ.

ಬಳ್ಳಾರಿ ಬಿಸಿಲಿಗೆ ಹೆಸರಾದ ಸೀಮೆ. ಅಲ್ಲಿ ಮಳೆ ಕಡಿಮೆ. ಬೀಳುವ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಆದರೆ 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ನೀರಾವರಿಗೆ ಒದಗಿದ ಮೇಲೆ ಸಿರುಗುಪ್ಪ, ಕುರುಗೋಡುಗಳ ಸುತ್ತ ಭತ್ತದ ಗದ್ದೆಗಳು ಹಬ್ಬಿದವು. ಗದ್ದೆಬಯಲಿನ ನಡುವಣ ಊರುಗಳಲ್ಲಿ ಮಳೆಗಾಲದ ರಾತ್ರಿಯ ಗಾಳಿ ತೇವದಿಂದ ಕೂಡಿರುತ್ತದೆ. ಒಣಹವೆಗೆ ಒಗ್ಗಿದ ಚಾಲಕನು ರೂಢಿಯಂತೆ ಹ್ಯಾಂಡ್ ಬ್ರೇಕನ್ನು ಬಿಗಿಯಾಗಿ ಎಳೆದು ಮನೆಗೆ ಹೋಗುತ್ತಾನೆ. ಬೆಳಗಿನ ಜಾವ ರೋಗಿಯೊಬ್ಬರನ್ನು ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಎಂಜಿನ್ನು ಗರ್ಜಿಸುತ್ತದೆ. ಹಿಂದಿನ ಚಕ್ರ ಮಾತ್ರ ಕದಲುವುದಿಲ್ಲ.

ಇದರ ಕಾರಣವನ್ನು ತಿಳಿಯಲು ಡ್ರಮ್ ಬ್ರೇಕಿನ ರಚನೆಯನ್ನು ಅರಿಯಬೇಕು. ಈ ಬಗೆಯ ಬ್ರೇಕಿನೊಡನೆ ಫ್ರಾನ್ಸಿನ ಲೂಯಿ ರೆನೋನ ಹೆಸರು ಸೇರಿದೆ. ಅದರ ಕಾಲ 1902. ಭಾರತದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಕಾರು ಬಹುಕಾಲ ಇದನ್ನೇ ನೆಚ್ಚಿತ್ತು. ಇಂದಿಗೂ ಅನೇಕ ಸಣ್ಣ ಕಾರುಗಳ ಹಿಂದಿನ ಚಕ್ರಗಳಲ್ಲಿ ಇದನ್ನು ಕಾಣಬಹುದು. ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ಡಬ್ಬಿಯೇ ಡ್ರಮ್ಮು. ಅದರೊಳಗೆ ಬಾಗಿದ ಎರಡು ಶೂಗಳೂ, ಅವುಗಳ ಮೈಗೆ ಲೈನಿಂಗ್ ಎಂಬ ಪಟ್ಟಿಗಳೂ ಇರುತ್ತವೆ. ಪೆಡಲನ್ನು ತುಳಿದಾಗ ಪ್ಯಾಸ್ಕಲನ ನಿಯಮದಂತೆ ದ್ರವದ ಒತ್ತಡ ಶೂಗಳನ್ನು ಹೊರಕ್ಕೆ ತಳ್ಳುತ್ತದೆ; ಪಟ್ಟಿ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಹ್ಯಾಂಡ್ ಬ್ರೇಕು ಇದೇ ಕೆಲಸವನ್ನು ಉಕ್ಕಿನ ಕೇಬಲ್ಲಿನಿಂದ ಮಾಡುತ್ತದೆ. ಒತ್ತಡ ತಪ್ಪಿದೊಡನೆ ಸ್ಪ್ರಿಂಗುಗಳು ಶೂಗಳನ್ನು ಒಳಕ್ಕೆ ಸೆಳೆಯುತ್ತವೆ.

ಡ್ರಮ್ಮು ಮುಚ್ಚಿದ ಡಬ್ಬಿಯಾದುದರಿಂದ ಒಳಹೊಕ್ಕ ನೀರು ಬೇಗ ಆರುವುದಿಲ್ಲ. ಪಟ್ಟಿ ಡ್ರಮ್ಮನ್ನು ಒತ್ತಿಕೊಂಡೇ ರಾತ್ರಿ ಕಳೆದರೆ ನಡುವೆ ತುಕ್ಕು ಹುಟ್ಟಿ ಅಂಟಿನಂತೆ ಎರಡನ್ನೂ ಬೆಸೆಯುತ್ತದೆ. ಸ್ಪ್ರಿಂಗಿನ ಬಲ ಅದನ್ನು ಬಿಡಿಸಲಾರದು. ಕೇಬಲ್ಲು ತನ್ನ ಕೊಳವೆಯಲ್ಲಿ ತುಕ್ಕು ಹಿಡಿದರೂ ಫಲ ಇದೇ.

ಇಂಥ ಸಮಯದಲ್ಲಿ ಅವಸರ ಸಲ್ಲದು. ಹ್ಯಾಂಡ್ ಬ್ರೇಕನ್ನು ಬಿಟ್ಟು, ವಾಹನವನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಅಲುಗಿಸಿದರೆ ಅಂಟು ಸಾಮಾನ್ಯವಾಗಿ ಬಿಡುತ್ತದೆ. ಬಿಡದಿದ್ದರೆ ಬಲ್ಲ ಮೆಕ್ಯಾನಿಕನು ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕಿಯೊಂದನ್ನೇ ನಂಬದೆ ಸ್ಟ್ಯಾಂಡಿನ ಮೇಲೆ ವಾಹನವನ್ನು ನಿಲ್ಲಿಸಿ, ಮರದ ಕೊಡತಿಯಿಂದ ಡ್ರಮ್ಮನ್ನು ಸುತ್ತಲೂ ಹಗುರಾಗಿ ತಟ್ಟಿ ಕಳಚುತ್ತಾನೆ. ಒಳಗಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜುತ್ತಾನೆ. ಶೂ ಜಾರುವ ಜಾಗಕ್ಕೆ ಚೂರೇ ಗ್ರೀಸು ಸಾಕು. ಪಟ್ಟಿಗೆ ಅದು ತಗಲಿದರೆ ಬ್ರೇಕೇ ಹಿಡಿಯದು. ಒಳಗಿನ ಧೂಳನ್ನು ಬಾಯಿಂದ ಊದಬಾರದು. ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶವನ್ನು ಸೇರಿದರೆ ಮಾರಕ. ಒದ್ದೆಬಟ್ಟೆಯಿಂದ ಒರೆಸುವುದೇ ಕ್ಷೇಮ.

ಅರ್ಧ ಬಿಟ್ಟ ಬ್ರೇಕು ಇನ್ನೂ ಕೇಡು. ಉಜ್ಜುತ್ತಲೇ ಓಡಿದ ಡ್ರಮ್ಮು ಕಾದು ಬ್ರೇಕಿನ ಬಲ ಕುಂದುತ್ತದೆ. ಬ್ರೇಕು ಹಾಕಿದಾಗ ವಾಹನ ಒಂದು ಬದಿಗೆ ಎಳೆಯುವುದೂ ಉಂಟು. ಇಕ್ಕಟ್ಟಾದ ಕಾಲುವೆಯ ಏರಿಯ ಮೇಲೆ ಇದು ಪ್ರಾಣಕ್ಕೇ ಎರವಾಗಬಹುದು.

ಇದನ್ನು ತಡೆಯುವ ಉಪಾಯ ಸುಲಭ. ನೀರು ದಾಟಿದ ಮೇಲೆ ಸ್ವಲ್ಪ ದೂರ ನಿಧಾನವಾಗಿ ಸಾಗುತ್ತ ಪೆಡಲನ್ನು ಹಗುರಾಗಿ ಒತ್ತಿದರೆ ಆ ಕಾವಿಗೆ ಪಟ್ಟಿ ಆರುತ್ತದೆ. ಮಳೆಯ ರಾತ್ರಿ ಸಮನೆಲದಲ್ಲಿ ವಾಹನವನ್ನು ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕನ್ನು ಬಿಡುವುದು ಒಳ್ಳೆಯದು.

ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳ ಕೆಂಪು ಅದಿರು ಕಬ್ಬಿಣವೂ ಆಮ್ಲಜನಕವೂ ಕೂಡಿದ ವಸ್ತು. ಕುಲುಮೆಯಲ್ಲಿ ಮನುಷ್ಯನು ಅವನ್ನು ಬೇರ್ಪಡಿಸಿ ಕಬ್ಬಿಣವನ್ನು ಪಡೆಯುತ್ತಾನೆ. ತೇವ ದೊರೆತೊಡನೆ ಕಬ್ಬಿಣವು ಮತ್ತೆ ಆಮ್ಲಜನಕವನ್ನು ಕೂಡಿ ಕೆಂಪಾಗುತ್ತದೆ. ಆದುದರಿಂದ ಯಂತ್ರವನ್ನು ಕೊಂಡರಷ್ಟೇ ಸಾಲದು. ದಿನದಿನವೂ ಅದನ್ನು ನೋಡಿಕೊಳ್ಳುವವನೇ ಅದರ ನಿಜವಾದ ಒಡೆಯ.