ಬ್ರೌಸರಿನ ಹಳೆಯ ಕಡತಗಳನ್ನು ಅಳಿಸುವ ವಿಷಯವಾಗಿ ಒಂದು ಪಾಠ

ಈ ಪಾಠವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಹತ್ತನೆಯ ತರಗತಿಯವರ ಹೆಸರುಗಳನ್ನು ಪರೀಕ್ಷೆಗೆ ನೋಂದಾಯಿಸುವ ವಾರವದು. ಕಛೇರಿಯ ಕಂಪ್ಯೂಟರು ಬಹು ನಿಧಾನವಾಗಿ ನಡೆಯುತ್ತಿತ್ತು; ಹಿಂದಿನ ದಿನ ತಿದ್ದಿದ ಹೆಸರುಗಳು ಮರುದಿನವೂ ತಪ್ಪಾಗಿಯೇ ಕಾಣುತ್ತಿದ್ದುವು. “ಒಳಗೆ ಹಳೆಯ ಕಸ ತುಂಬಿದೆ, ಎಲ್ಲವನ್ನೂ ಅಳಿಸಿದರೆ ಸರಿಹೋಗುತ್ತದೆ” ಎಂದು ಯಾರೋ ಹೇಳಿದ್ದನ್ನು ನಂಬಿ, ನಾನೇ ಕುಳಿತು, ಪರದೆಯ ಮೇಲೆ ಕಂಡ ಚೌಕಗಳಿಗೆಲ್ಲಾ ಗುರುತು ಹಾಕಿ ಅಳಿಸಿಬಿಟ್ಟೆನು. ಹೆಸರುಗಳೇನೋ ಸರಿಯಾಗಿ ಕಂಡುವು. ಆದರೆ ಯಂತ್ರವು ನೆನಪಿಟ್ಟುಕೊಂಡಿದ್ದ ಪಾಸ್‌ವರ್ಡುಗಳೆಲ್ಲಾ ಅವುಗಳ ಜೊತೆಯಲ್ಲಿ ಹೋಗಿದ್ದುವು. ಅವನ್ನು ಬೇರೆಲ್ಲಿಯೂ ಬರೆದಿಟ್ಟಿರಲಿಲ್ಲ. ಆ ಬ್ರೌಸರಿನಲ್ಲಿ ನನ್ನ ಸ್ವಂತ ಖಾತೆಯು ತೆರೆದಿದ್ದುದರಿಂದ ನನ್ನ ಮೊಬೈಲಿನಲ್ಲಿದ್ದವೂ ಅಳಿಸಿಹೋದುವು. ನೋಂದಣಿಯ ಕೆಲಸ ಎರಡು ದಿನ ನಿಂತಿತು. ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರಿಂದ, ಮಗಳ ಜನ್ಮದಿನಾಂಕವನ್ನು ತಿದ್ದಿಸುವುದಕ್ಕಾಗಿ, ಮಾವಿನ ತೋಪಿನ ಕೂಲಿಯನ್ನು ಬಿಟ್ಟು ಬಂದಿದ್ದ ತಾಯಿಯೊಬ್ಬರನ್ನು “ನಾಳೆ ಬನ್ನಿರಮ್ಮಾ” ಎಂದು ಎರಡು ಸಲ ಹಿಂದಕ್ಕೆ ಕಳುಹಿಸಬೇಕಾಯಿತು. ಆಕೆಯ ಎರಡು ದಿನದ ಕೂಲಿ ನನ್ನ ಅಜ್ಞಾನಕ್ಕೆ ಹೋಯಿತು.

ಹಾಗಾದರೆ ಅಳಿಸತಕ್ಕದ್ದು ಯಾವುದು, ಅಳಿಸಬಾರದ್ದು ಯಾವುದು? ಇದನ್ನು ತಿಳಿಯಬೇಕಾದರೆ ಮೊದಲು ಆ ಹಳೆಯ ಕಡತಗಳು ಅಲ್ಲಿಗೆ ಹೇಗೆ ಬಂದುವೆಂಬುದನ್ನು ತಿಳಿಯಬೇಕು. ವರ್ಷಾರಂಭದಲ್ಲಿ ನನ್ನ ಮೇಜಿನ ಮೇಲಿರುವ ದೊಡ್ಡ ಪುಸ್ತಕದಲ್ಲಿ ಪಾಠಗಳ ವೇಳಾಪಟ್ಟಿಯನ್ನು ಬರೆದಿಡುತ್ತೇನೆ. ನೀವು ಪ್ರತಿ ಗಂಟೆಗೂ ಓಡಿಬಂದು ಅದನ್ನು ನೋಡುವುದಿಲ್ಲ. ಒಮ್ಮೆ ನಿಮ್ಮ ನೋಟ್ ಪುಸ್ತಕದ ರಟ್ಟಿನ ಒಳಗಡೆ ಬರೆದುಕೊಂಡು, ಅದನ್ನೇ ನೋಡಿ ನಡೆಯುತ್ತೀರಿ. ಬ್ರೌಸರೂ ಹೀಗೆಯೇ ಮಾಡುತ್ತದೆ. ಜಾಲತಾಣವೊಂದನ್ನು ಮೊದಲ ಸಲ ತೆರೆದಾಗ ಅದರ ಚಿತ್ರಗಳು, ಅಕ್ಷರರೂಪಗಳು, ಪುಟವನ್ನು ನಡೆಯಿಸುವ ಸೂಚನೆಗಳು, ಇವೆಲ್ಲಾ ದೂರದ ಸರ್ವರಿನಿಂದ ಬರಬೇಕು. ಬಂದದ್ದನ್ನು ಬ್ರೌಸರು ನಮ್ಮ ಯಂತ್ರದಲ್ಲಿಯೇ ಒಂದು ಮೂಲೆಯಲ್ಲಿ ಪ್ರತಿ ಮಾಡಿಟ್ಟುಕೊಂಡು, ಎರಡನೆಯ ಸಲ ಅಲ್ಲಿಂದಲೇ ತೆಗೆದು ತೋರಿಸುತ್ತದೆ. ಇದರಿಂದ ಪುಟವು ಬೇಗನೆ ತೆರೆಯುವುದಲ್ಲದೆ, ನಾವು ಹಣ ಕೊಟ್ಟು ಕೊಂಡ ಡೇಟಾ ಸಹ ಉಳಿಯುತ್ತದೆ.

ಈ ಸಂಗ್ರಹಕ್ಕೆ ‘ಕ್ಯಾಶ್’ ಎಂದು ಹೆಸರು. ತರಗತಿಯಲ್ಲಿ ಇದನ್ನು ಹೇಳಿದೊಡನೆ ಹುಡುಗಿಯರು ದುಡ್ಡೆಂದು ತಿಳಿದು ನಕ್ಕರು. ಉಚ್ಚಾರಣೆ ಒಂದೇ ಆದರೂ ಶಬ್ದ ಬೇರೆ. ಇದು ‘ಬಚ್ಚಿಡು’ ಎಂಬ ಅರ್ಥವುಳ್ಳ ಫ್ರೆಂಚ್ ಕ್ರಿಯಾಪದದಿಂದ ಬಂದುದು. ನಿಧಾನವಾದ ದೊಡ್ಡ ಸ್ಮೃತಿಕೋಶದ ಪಕ್ಕದಲ್ಲಿ ಚುರುಕಾದ ಚಿಕ್ಕದೊಂದನ್ನಿಟ್ಟು, ಬೇಕಾದುದರ ಪ್ರತಿಯನ್ನು ಅದರಲ್ಲಿ ಇಟ್ಟುಕೊಳ್ಳಬಹುದೆಂದು ಇಂಗ್ಲೆಂಡಿನ ಮಾರಿಸ್ ವಿಲ್ಕ್ಸ್ ಎಂಬ ಪಂಡಿತರು 1965ರಲ್ಲಿ ಬರೆದರು. 1968ರಲ್ಲಿ ಐಬಿಎಂ ಸಂಸ್ಥೆಯ ಒಂದು ದೊಡ್ಡ ಯಂತ್ರದ ವರ್ಣನೆಯಲ್ಲಿ ಇಂಥ ಸ್ಮೃತಿಗೆ ಈ ಹೆಸರು ಬಂದಿತು. ಬ್ರೌಸರಿನ ಸಂಗ್ರಹಕ್ಕೂ ಮುಂದೆ ಅದೇ ಹೆಸರು ನಿಂತಿತು.

ಈಗ ವೇಳಾಪಟ್ಟಿಯ ಉದಾಹರಣೆಗೆ ಹಿಂದಿರುಗೋಣ. ಬುಧವಾರದ ಗಣಿತವನ್ನು ನಾನು ಗುರುವಾರಕ್ಕೆ ಬದಲಾಯಿಸಿದೆನೆಂದಿಟ್ಟುಕೊಳ್ಳಿರಿ. ನನ್ನ ಪುಸ್ತಕದಲ್ಲಿ ತಿದ್ದಿದ್ದಾಯಿತು. ನಿಮ್ಮ ರಟ್ಟಿನ ಒಳಗಿರುವುದು ಹಳೆಯದಾಗಿಯೇ ಉಳಿಯಿತು. ತಿದ್ದಿದ ಹೆಸರು ತಪ್ಪಾಗಿ ಕಂಡ ಕಾರಣವೂ ಇದೇ. ಈ ತೊಂದರೆಯನ್ನು ತಡೆಯುವ ಏರ್ಪಾಡು ಇಲ್ಲದಿಲ್ಲ. ಸರ್ವರು ತಾನು ಕಳುಹಿಸುವ ವಸ್ತುವಿನೊಡನೆ “ಇದನ್ನು ಇಷ್ಟು ಸೆಕೆಂಡುಗಳ ಕಾಲ ನಂಬಬಹುದು” ಎಂದು ಒಂದು ಚೀಟಿಯನ್ನು ಕಟ್ಟಿ ಕಳುಹಿಸಬಹುದು. 86,400 ಎಂದು ಬರೆದಿದ್ದರೆ ಒಂದು ದಿನವೆಂದರ್ಥ. 60ನ್ನು 60ರಿಂದಲೂ, ಬಂದುದನ್ನು 24ರಿಂದಲೂ ಗುಣಿಸಿ ನೋಡಿರಿ. ಅವಧಿ ತೀರಿದ ಬಳಿಕ ಬ್ರೌಸರು “ನನ್ನ ಬಳಿ ಈ ಗುರುತಿನ ಪ್ರತಿಯಿದೆ, ಬದಲಾವಣೆ ಉಂಟೋ?” ಎಂದು ಸರ್ವರನ್ನು ಕೇಳುತ್ತದೆ. ಬದಲಾಗದಿದ್ದರೆ ಸರ್ವರು 304 ಎಂಬ ಸಂಖ್ಯೆಯನ್ನು ಮಾತ್ರ ಉತ್ತರವಾಗಿ ಕೊಡುವುದು. ಬದಲಾಗಿದ್ದರೆ ಹೊಸತನ್ನು ಕಳುಹಿಸುವುದು. ಚೀಟಿಯಲ್ಲಿ ಬರೆದ ಅವಧಿಯು ಅತಿ ದೀರ್ಘವಾಗಿದ್ದರೆ, ಅಥವಾ ಚೀಟಿಯೇ ಇಲ್ಲದೆ ಬ್ರೌಸರು ತಾನೇ ಊಹಿಸಬೇಕಾಗಿ ಬಂದರೆ, ಹಳೆಯ ಪುಟವು ಹೊಸದರಂತೆ ಕಾಣುವುದುಂಟು.

ಆದುದರಿಂದ ಅಳಿಸುವುದಕ್ಕೆ ಮೊದಲು ಕೇಳತಕ್ಕ ಪ್ರಶ್ನೆ ಒಂದೇ: ಇದು ಪ್ರತಿಯೋ, ಮೂಲವೋ? ಕ್ಯಾಶಿನಲ್ಲಿರುವುದು ಪ್ರತಿ. ಅದರ ಮೂಲವು ಸರ್ವರಿನಲ್ಲಿದೆ. ಅಳಿಸಿದರೆ ಮತ್ತೆ ಬರುತ್ತದೆ. ಯಂತ್ರದಲ್ಲಿ ಮಾತ್ರ ಉಳಿಸಿದ ಪಾಸ್‌ವರ್ಡು ಮೂಲ. ಬೇರೆಡೆ ಬರೆದಿಡದಿದ್ದರೆ ಹೋದದ್ದು ಹೋದಂತೆಯೇ. ನಮ್ಮ ಕೋಲಾರದ ಸೀಮೆಯವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಾಡು ನಮ್ಮದು; ಕೆರೆಯೇ ನಮ್ಮ ಜೀವ. ಬೇಸಗೆಯಲ್ಲಿ ಹೂಳೆತ್ತುವವರು ಹೂಳನ್ನು ಮಾತ್ರ ಎತ್ತಿ ಹೊಲಕ್ಕೆ ಹೊರುತ್ತಾರೆ. ಏರಿಯ ಬುಡವನ್ನು ಅಗೆಯುವುದಿಲ್ಲ, ತೂಬಿನ ಕಲ್ಲನ್ನು ಕೀಳುವುದಿಲ್ಲ. ನಾನಾದರೋ ಹೂಳೆತ್ತುವ ಭರದಲ್ಲಿ ತೂಬನ್ನೂ ಕಿತ್ತಿದ್ದೆನು.

ಇನ್ನು ಕ್ಯಾಶನ್ನು ಯಾವಾಗ ಅಳಿಸಬೇಕು? ತಿಂಗಳಿಗೊಮ್ಮೆ ಅಳಿಸಬೇಕೆಂದು ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಜಾಗ ಸಾಲದೆ ಬಂದಾಗ ಬ್ರೌಸರು ಬಹುಕಾಲ ಬಳಸದ ಪ್ರತಿಗಳನ್ನು ತಾನಾಗಿಯೇ ತೆಗೆದುಹಾಕುತ್ತದೆ. ಲೆಕ್ಕ ಹಾಕಿ ನೋಡಿರಿ: ಕ್ಯಾಶಿನಲ್ಲಿ 500 ಮೆಗಾಬೈಟುಗಳಿದ್ದು ಡಿಸ್ಕಿನಲ್ಲಿ 500 ಗಿಗಾಬೈಟುಗಳಿದ್ದರೆ, ಆ ಕಸವು ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ. ಅದನ್ನು ತೆಗೆದ ಮಾತ್ರಕ್ಕೆ ಹಳೆಯ ಯಂತ್ರವು ಹೊಸದಾಗದು. ಅಷ್ಟೇ ಅಲ್ಲ, ಅಳಿಸಿದ ದಿನ ಪ್ರತಿಯೊಂದು ಪುಟವೂ ಮತ್ತೆ ಮೊದಲಿನಿಂದ ಬರಬೇಕಾದುದರಿಂದ ಕೆಲಸ ಇನ್ನೂ ನಿಧಾನವಾದೀತು. ಜಾಲಸಂಪರ್ಕ ದುರ್ಬಲವಾದ ಹಳ್ಳಿಗಳಲ್ಲಿ ಇದು ಚೆನ್ನಾಗಿ ತಿಳಿಯುವುದು. ಪುಟವು ಹಳೆಯದಾಗಿ ಕಂಡರೆ, ಅರ್ಧ ಮಾತ್ರ ತೆರೆದರೆ, ಗುಂಡಿ ಒತ್ತಿದರೂ ಕೆಲಸ ನಡೆಯದಿದ್ದರೆ, ಇಲ್ಲವೆ ಚಿಕ್ಕ ಡಿಸ್ಕಿನಲ್ಲಿ ನಿಜವಾಗಿಯೂ ಜಾಗವಿಲ್ಲದಿದ್ದರೆ, ಆಗ ಅಳಿಸುವುದು ಸರಿ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಜಾಲತಾಣವು ತೆರೆಯದಿದ್ದಾಗ ಕೆಲವರು ಗಾಬರಿಯಿಂದ ಇದನ್ನೇ ಮಾಡುತ್ತಾರೆ. ಅಂದು ರಾಜ್ಯದ ಲಕ್ಷಾಂತರ ಮಕ್ಕಳು ಒಂದೇ ಬಾಗಿಲನ್ನು ತಟ್ಟುತ್ತಿರುತ್ತಾರೆ. ನಮ್ಮ ಮನೆಯನ್ನು ಗುಡಿಸಿದರೆ ಅಲ್ಲಿಯ ನೂಕುನುಗ್ಗಲು ಕಡಿಮೆಯಾದೀತೇ?

ಅಳಿಸುವುದಕ್ಕಿಂತ ಮೊದಲು ಇನ್ನೊಂದು ಚಿಕ್ಕ ಉಪಾಯವುಂಟು. ಪುಟವನ್ನು ತೆರೆದಿಟ್ಟು, ಕಂಟ್ರೋಲ್ ಕೀಲಿಯನ್ನು ಹಿಡಿದು ಎಫ್5 ಒತ್ತಿರಿ. ಆಗ ಬ್ರೌಸರು ತನ್ನ ಬಳಿಯ ಪ್ರತಿಯನ್ನು ಬದಿಗಿಟ್ಟು, ಆ ಒಂದು ಪುಟವನ್ನು ಸರ್ವರಿನಿಂದ ಹೊಸದಾಗಿ ತರಿಸುವುದು. ಆದರೆ ಅರ್ಧ ತುಂಬಿದ ಅರ್ಜಿಯ ಪುಟದಲ್ಲಿ ಹೀಗೆ ಮಾಡಬೇಡಿರಿ; ತುಂಬಿದ್ದೆಲ್ಲಾ ಅಳಿದೀತು. ಅಂದು ನಾನು ಇಷ್ಟನ್ನೇ ಮಾಡಿದ್ದರೆ ಸಾಕಾಗುತ್ತಿತ್ತೋ ಏನೋ.

ಅದರಿಂದಲೂ ಸರಿಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲಿಯೂ ಇದರಿಂದ ಅಳಿಸುವ ಪಟ್ಟಿಯು ತೆರೆಯುತ್ತದೆ. ಇಲ್ಲಿ ಕೈಯನ್ನು ಮೌಸಿನಿಂದ ತೆಗೆದು, ಪಟ್ಟಿಯನ್ನು ಬಾಯಿಬಿಟ್ಟು ಓದಿರಿ. ‘ಕ್ಯಾಶ್ಡ್ ಇಮೇಜಸ್ ಅಂಡ್ ಫೈಲ್ಸ್’ ಎಂದಿರುವ ಚೌಕ, ಫೈರ್‌ಫಾಕ್ಸಿನಲ್ಲಾದರೆ ತಾತ್ಕಾಲಿಕ ಕ್ಯಾಶ್ ಕಡತಗಳೆಂದು ಹೇಳುವ ಚೌಕ, ಇದೊಂದಕ್ಕೆ ಮಾತ್ರ ಗುರುತಿರಲಿ. ಉಳಿದ ಗುರುತುಗಳನ್ನು ತೆಗೆಯಿರಿ. ಕಾಲಾವಧಿಯನ್ನು ಕೇಳುವ ಕಡೆ ಕಳೆದ ಒಂದು ಗಂಟೆಯೆಂದಿದ್ದರೆ ಹಳೆಯ ಕಡತಗಳು ಹೋಗುವುದಿಲ್ಲವಾದುದರಿಂದ, ಪೂರ್ಣ ಕಾಲವನ್ನು ಆರಿಸಬೇಕು. ‘ಕುಕೀಸ್’ ಎಂಬುದರ ವಿಷಯದಲ್ಲಿ ಎಚ್ಚರಿಕೆ ಬೇಕು. ನೀವು ಯಾರೆಂಬುದನ್ನು ಜಾಲತಾಣವು ಗುರುತಿಸಿಕೊಳ್ಳುವ ಚೀಟಿಗಳು ಇವು. ಅಳಿಸಿದರೆ ಎಲ್ಲಾ ಕಡೆಯೂ ಮತ್ತೆ ಪಾಸ್‌ವರ್ಡು ಕೊಟ್ಟು ಒಳಹೊಗಬೇಕಾಗುವುದು. ಅದರೊಡನೆ ಸೇರಿರುವ ‘ಸೈಟ್ ಡೇಟಾ’ದಲ್ಲಿ, ಸರ್ವರಿಗೆ ಇನ್ನೂ ತಲುಪದ ನಿಮ್ಮ ಅರ್ಧ ಬರಹವು ಇದ್ದರೂ ಇರಬಹುದು. ಖಾತೆಯೊಂದಕ್ಕೆ ಜೋಡಿಸಿದ ಬ್ರೌಸರಿನಲ್ಲಿ ಇತಿಹಾಸವನ್ನೋ ಪಾಸ್‌ವರ್ಡನ್ನೋ ಅಳಿಸಿದರೆ, ಆ ಖಾತೆಯಿರುವ ಎಲ್ಲಾ ಯಂತ್ರಗಳಲ್ಲಿಯೂ ಅಳಿಯುವ ಸಂಭವವುಂಟು. ಕ್ಯಾಶಾದರೋ ಎದುರಿಗಿರುವ ಯಂತ್ರದಲ್ಲಿ ಮಾತ್ರ ಅಳಿಯುತ್ತದೆ.

ಕಡತಗಳಿರುವ ಸ್ಥಳವನ್ನೇ ಹುಡುಕಿ ಕೈಯಿಂದ ಅಳಿಸುವ ಸಾಹಸವನ್ನು ಮಾಡಬಾರದು. ವಿಂಡೋಸಿನಲ್ಲಿ ಬ್ರೌಸರಿನ ಸಂಗ್ರಹವು ‘ಆಪ್‌ಡೇಟಾ’ ಎಂಬ ಮರೆಯಾದ ಫೋಲ್ಡರಿನ ಒಳಗಿರುತ್ತದೆ. ಪ್ರತಿಗಳ ಪಕ್ಕದಲ್ಲಿಯೇ ಪುಟಗುರುತುಗಳು, ಪಾಸ್‌ವರ್ಡುಗಳು ಮೊದಲಾದ ಮೂಲಗಳೂ ಇರಬಹುದು. ಇಡೀ ಕಪಾಟನ್ನು ಸುಟ್ಟು ಇಲಿಯನ್ನು ಓಡಿಸಿದಂತಾದೀತು. ವಿಂಡೋಸಿನ ಸೆಟ್ಟಿಂಗ್ಸಿನಲ್ಲಿಯೂ ‘ಟೆಂಪೊರರಿ ಫೈಲ್ಸ್’ ಎಂಬ ಪಟ್ಟಿಯಿದೆ. ಆ ಪಟ್ಟಿಯಲ್ಲಿ, ತಾತ್ಕಾಲಿಕವಲ್ಲದ ‘ಡೌನ್‌ಲೋಡ್ಸ್’ ಎಂಬುದೂ ಒಂದು ಸಾಲಾಗಿ ಕುಳಿತಿರುತ್ತದೆ. ನೀವು ಇಳಿಸಿಕೊಂಡ ಪ್ರವೇಶಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಎಲ್ಲವೂ ಇರುವುದು ಅಲ್ಲಿಯೇ. ಅದನ್ನು ಆ ಪಟ್ಟಿಯಲ್ಲಿ ಸೇರಿಸಿದ್ದು ನನಗೆ ಸರಿಯಾಗಿ ತೋರುವುದಿಲ್ಲ. ಆ ಚೌಕವನ್ನು ಮುಟ್ಟಬೇಡಿರಿ.

ಯಂತ್ರವನ್ನು ಶುದ್ಧಮಾಡುತ್ತೇವೆಂದು ಜಾಹೀರಾತು ಕೊಡುವ ತಂತ್ರಾಂಶಗಳೂ ನಮಗೆ ಬೇಡ. ಲೋಕಪ್ರಸಿದ್ಧವಾದ ‘ಸಿಕ್ಲೀನರ್’ ಎಂಬುದರ ಒಂದು ಆವೃತ್ತಿಯೊಳಗೆ 2017ರಲ್ಲಿ ಕಳ್ಳರು ದುಷ್ಟ ತಂತ್ರಾಂಶವನ್ನು ಸೇರಿಸಿಬಿಟ್ಟಿದ್ದರು. ಅದು ಸುಮಾರು 22 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಹೋಗಿತ್ತೆಂದು ಅದರ ಒಡೆಯರೇ ಒಪ್ಪಿಕೊಂಡರು. ಹೆಸರುವಾಸಿಯಾದುದರ ಗತಿಯೇ ಹೀಗಾದರೆ ಹೆಸರಿಲ್ಲದವುಗಳ ಮಾತೇನು? ಬ್ರೌಸರು ತಾನೇ ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಹೊರಗಿನವರನ್ನು ಒಳಗೆ ಕರೆಯಬೇಕಾದ ಕಾರಣವಿಲ್ಲ.

ನಿಮ್ಮಲ್ಲಿ ಬಹುಮಂದಿಗೆ ಮನೆಯಲ್ಲಿ ಕಂಪ್ಯೂಟರಿಲ್ಲ, ಅಮ್ಮನ ಮೊಬೈಲು ಮಾತ್ರ ಇರುವುದೆಂಬುದನ್ನು ಬಲ್ಲೆನು. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಯಾವುದಾದರೊಂದು ಆ್ಯಪಿನ ‘ಸ್ಟೋರೇಜ್’ ಎಂಬಲ್ಲಿಗೆ ಹೋದರೆ ಎರಡು ಗುಂಡಿಗಳು ಅಕ್ಕತಂಗಿಯರಂತೆ ಪಕ್ಕಪಕ್ಕದಲ್ಲಿರುವುವು. ಒಂದು ‘ಕ್ಲಿಯರ್ ಕ್ಯಾಶ್’. ಇನ್ನೊಂದು ‘ಕ್ಲಿಯರ್ ಡೇಟಾ’ ಅಥವಾ ‘ಕ್ಲಿಯರ್ ಸ್ಟೋರೇಜ್’. ಮೊದಲನೆಯದು ಪ್ರತಿಗಳನ್ನು ತೆಗೆಯುವುದು. ಎರಡನೆಯದನ್ನು ಒತ್ತಿದರೆ ಆ ಆ್ಯಪು ಅಂದೇ ಹೊಸದಾಗಿ ಹಾಕಿದಂತಾಗಿ, ಒಳಗಿದ್ದ ನಿಮ್ಮದೆಲ್ಲಾ ಹೋಗುವುದು. ಪರಊರಿನಲ್ಲಿ ದುಡಿಯುವ ತಂದೆಯು ಕಳುಹಿಸಿದ ಧ್ವನಿಸಂದೇಶಗಳು ವಾಟ್ಸ್ಆ್ಯಪಿನಲ್ಲಿರುವ ಮನೆಯಲ್ಲಿ, ಅವಸರದ ಒಂದು ಬೆರಳು ಏನು ಮಾಡೀತೆಂದು ಯೋಚಿಸಿರಿ.

ಅಳಿಸುವುದು ನಿಜವಾಗಿಯೂ ಕರ್ತವ್ಯವಾಗುವ ಸ್ಥಳವು ಒಂದಿದೆ. ವಿದ್ಯಾರ್ಥಿವೇತನದ ಅರ್ಜಿಗಾಗಿ ನೀವು ಮಾಲೂರಿನಲ್ಲಿಯೋ ಮುಳಬಾಗಿಲಿನಲ್ಲಿಯೋ ಸೈಬರ್ ಸೆಂಟರಿಗೆ ಹೋಗುತ್ತೀರಿ. ಆ ಯಂತ್ರವು ನಿಮ್ಮದಲ್ಲ. ನೀವು ಎದ್ದ ಕುರ್ಚಿಯಲ್ಲಿ ಮರುಕ್ಷಣವೇ ಅಪರಿಚಿತರು ಕುಳಿತುಕೊಳ್ಳುವರು. ಅಲ್ಲಿ ಕೆಲಸವನ್ನು ಖಾಸಗಿ ಕಿಟಕಿಯಲ್ಲಿ, ಅಂದರೆ ಕ್ರೋಮಿನಲ್ಲಿ ‘ಇನ್‌ಕಾಗ್ನಿಟೋ’ ಎಂಬುದರಲ್ಲಿ, ಮಾಡುವುದು ಒಳ್ಳೆಯದು. ಅಂಥ ಕಿಟಕಿಗಳನ್ನೆಲ್ಲಾ ಮುಚ್ಚಿದೊಡನೆ ಅವುಗಳ ಕುಕಿಗಳೂ ಕ್ಯಾಶೂ ಹೋಗುತ್ತವೆ. ಮರೆತು ಸಾಧಾರಣ ಕಿಟಕಿಯಲ್ಲಿ ಮಾಡಿದ್ದರೆ, ಏಳುವುದಕ್ಕೆ ಮುಂಚೆ ಲಾಗ್‌ಔಟ್ ಆಗಿ, ಕುಕಿ ಮತ್ತು ಕ್ಯಾಶ್ ಎರಡನ್ನೂ ಕಳೆದ ಒಂದು ಗಂಟೆಯ ಮಟ್ಟಿಗೆ ಅಳಿಸಿರಿ. ಇಳಿಸಿಕೊಂಡ ಕಡತಗಳು ಮಾತ್ರ ಖಾಸಗಿ ಕಿಟಕಿಯನ್ನು ಮುಚ್ಚಿದರೂ ಅಲ್ಲಿಯೇ ಉಳಿಯುವುವು. ಅವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಡೌನ್‌ಲೋಡ್ಸಿನಿಂದ ತೆಗೆದು, ರೀಸೈಕಲ್ ಬಿನ್ನಿನಿಂದಲೂ ತೆಗೆಯಬೇಕು.

ಇದನ್ನು ಬರೆಯುವುದಕ್ಕೆ ಮುಂಚೆ ನಮ್ಮ ಕೊಠಡಿಯ ಯಂತ್ರಗಳ ಡೌನ್‌ಲೋಡ್ಸನ್ನು ತೆರೆದು ನೋಡಿದೆನು. ಹಿಂದೆ ಓದಿ ಹೋದ ಹುಡುಗಿಯರ ಆಧಾರ್ ಪ್ರತಿಗಳು, ಬ್ಯಾಂಕಿನ ಪಾಸ್‌ಬುಕ್ಕಿನ ಚಿತ್ರಗಳು, ಹೆಸರೂ ವಿಳಾಸವೂ ಸಹಿತವಾಗಿ ಹಾಗೆಯೇ ಇದ್ದುವು. ಇಷ್ಟು ವರ್ಷ ಕ್ಯಾಶನ್ನು ಮಾತ್ರ ಮತ್ತೆ ಮತ್ತೆ ಅಳಿಸಿ, ಇವನ್ನು ನೋಡದೆ ಹೋಗಿದ್ದೆವು. ಈಗ ಪ್ರತಿ ಶನಿವಾರ ಬೆಳಗಿನ ಶಾಲೆ ಬಿಡುವ ಮೊದಲು ಉಪಾಧ್ಯಾಯಿನಿಯೊಬ್ಬರು ಅವನ್ನು ಒಂದೊಂದಾಗಿ ನೋಡಿ, ಬೇಕಾದವರಿಗೆ ಕೊಟ್ಟು, ಉಳಿದುದನ್ನು ಅಳಿಸುತ್ತಾರೆ. ಕಛೇರಿಯ ಬ್ರೌಸರಿನಿಂದ ನನ್ನ ಸ್ವಂತ ಖಾತೆಯನ್ನು ತೆಗೆದಿದ್ದೇನೆ. ಕಛೇರಿಯ ಪಾಸ್‌ವರ್ಡುಗಳನ್ನು ನೀಲಿ ರಟ್ಟಿನ ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದೇನೆ. ಅದರ ಬೀಗದ ಕೈ ಇಬ್ಬರ ಬಳಿ ಇದೆ.